ಎನ್‌ಸಿಸಿಯೋ ಸ್ಕೌಟ್ಸೋ: ಇಬ್ಬರು ಮಕ್ಕಳ ಮನೆಯಿಂದ ಒಂದು ಹೋಲಿಕೆ

ಮಗಳನ್ನು ಎಂಟನೇ ತರಗತಿಯಲ್ಲಿ ಎನ್‌ಸಿಸಿಗೂ, ಎರಡು ವರ್ಷಗಳ ಬಳಿಕ ಮಗನನ್ನು ಅದೇ ಪ್ರೌಢಶಾಲೆಯ ಸ್ಕೌಟ್ಸ್‌ಗೂ ಸೇರಿಸಿದ ನನಗೆ ನಮ್ಮ ಮನೆಯ ಮಟ್ಟಿಗೆ ಸ್ಕೌಟ್ಸೇ ಮೇಲೆನಿಸಿದೆ. ಈ ತೀರ್ಮಾನದಲ್ಲಿ ಒಂದು ಜೊತೆ ಬೂಟಿನ ಪಾಲು ದೊಡ್ಡದೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಎನ್‌ಸಿಸಿ ಸಮವಸ್ತ್ರವನ್ನು ಶಾಲೆಯಲ್ಲಿಯೇ ಕೊಟ್ಟರು. ಆದರೆ ಮಗಳ ಕಾಲಿಗೆ ನಾಲ್ಕನೇ ಸೈಜಿನ ಬೂಟು ಬೇಕಿತ್ತು, ಅವಳ ಸರದಿ ಬರುವ ಹೊತ್ತಿಗೆ ಉಳಿದಿದ್ದದ್ದು ಆರನೆಯದು. ಬದಲಾಯಿಸಿ ಕೊಡುವ ಮಾತು ಸಿಕ್ಕಿತೇ ಹೊರತು ಬೂಟು ಬರಲಿಲ್ಲ. ಎರಡು ಜೊತೆ ಕಾಲುಚೀಲ ತೊಡಿಸಿ, ತುದಿಗೆ ಹತ್ತಿ ತುರುಕಿ ಮೂರು ವಾರ ದೂಡಿದೆವು. ‘ಕದಮ್ ತಾಲ್’ ಎಂದೊಡನೆ ಮೊಣಕಾಲೆತ್ತಿ ಪಾದವನ್ನು ನೆಲಕ್ಕೆ ಅಪ್ಪಳಿಸಬೇಕಾದ್ದರಿಂದ, ಹಿಮ್ಮಡಿ ಬೂಟಿನೊಳಗೆ ಮೇಲೆ ಕೆಳಗೆ ಉಜ್ಜಿ ಬೊಬ್ಬೆಗಳೆದ್ದು ಒಡೆದವು.

ಚಮ್ಮಾರರ ಬಳಿ ಒಯ್ದು ಒಳಗೊಂದು ಅಟ್ಟೆ ಹಾಕಿಸಿದಾಗ ಹಿಮ್ಮಡಿಯ ಸಮಸ್ಯೆ ಬಗೆಹರಿಯಿತು, ಆದರೆ ಬೆರಳುಗಳು ಮೇಲಿನ ತೊಗಲಿಗೆ ಒತ್ತತೊಡಗಿದವು. ಕೊನೆಗೆ ಪೇಟೆಯಲ್ಲಿ 1,200 ರೂಪಾಯಿ ಕೊಟ್ಟು ಬೇರೆ ಬೂಟು ಕೊಂಡೆ. ಖರ್ಚಿಲ್ಲವೆಂದು ನಂಬಿ ಆರಿಸಿಕೊಂಡ ಚಟುವಟಿಕೆಗೆ ಆದ ಖರ್ಚು ಇದು. ಮಗನ ಸಮವಸ್ತ್ರದ ಬಟ್ಟೆ, ಹೊಲಿಗೆ, ಸ್ಕಾರ್ಫ್ ಎಲ್ಲ ಸೇರಿ 900 ರೂಪಾಯಿಯಲ್ಲಿ ಮುಗಿಯಿತು. ಕಾಲಿಗೆ ಶಾಲೆಯ ಕಪ್ಪು ಶೂ ಸಾಕಾಯಿತು.

ಎನ್‌ಸಿಸಿಯ ಹತ್ತು ದಿನಗಳ ಶಿಬಿರವು ಶಾಲೆಯ ರೂಪಣಾತ್ಮಕ ಪರೀಕ್ಷೆಯ ಬೆನ್ನಿಗೇ ಬಂದರೂ, ಶಿಬಿರವಿಲ್ಲದೆ ಎನ್‌ಸಿಸಿಯ ಮೊದಲ ಪ್ರಮಾಣಪತ್ರವಾದ ‘ಎ’ ಪ್ರಮಾಣಪತ್ರದ ಪರೀಕ್ಷೆಗೆ ಕೂರುವಂತಿಲ್ಲವಾದ್ದರಿಂದ ಮಗಳನ್ನು ಕಳುಹಿಸಿದೆ. ಅಲ್ಲಿ ಪಾಯಿಂಟ್ 22 ರೈಫಲ್‌ನಿಂದ ಗುಂಡು ಹಾರಿಸಿದ್ದನ್ನು ಅವಳು ಇಂದಿಗೂ ಹೇಳುತ್ತಾಳೆ. ಅಂಥದ್ದು ಸ್ಕೌಟ್ಸ್‌ನಲ್ಲಿ ಇಲ್ಲ. ಎರಡೇ ವರ್ಷಗಳಲ್ಲಿ ಮುಗಿದು ಹತ್ತನೇ ತರಗತಿ ಬಿಡುವಾಗುವುದೂ ಎನ್‌ಸಿಸಿಯ ಅನುಕೂಲವೇ. ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಅದಕ್ಕೆ ವಿಶೇಷ ಮೀಸಲಾತಿಯಿದೆ. ಮಗಳು ವಾಣಿಜ್ಯ ವಿಭಾಗ ಹಿಡಿದದ್ದರಿಂದ ನಮಗದು ಒದಗಲಿಲ್ಲ.

ಮಗ ಕಲಿತದ್ದು ಮನೆಗೆ ಬರುತ್ತದೆ. ಕ್ಲೋವ್ ಹಿಚ್ ಗಂಟು ಹಾಕಿ ಹಿತ್ತಲಿನ ಬಟ್ಟೆಯ ಹಗ್ಗವನ್ನು ಅವನೇ ಕಟ್ಟಿದ. ಪಾತ್ರೆಯಿಲ್ಲದೆ ಅಡುಗೆ ಮಾಡುವ ಪರೀಕ್ಷೆಗೆಂದು ಕೆಂಡದಲ್ಲಿ ಆಲೂಗಡ್ಡೆ ಸುಡುವುದನ್ನು ಮೂರು ಭಾನುವಾರ ಅಭ್ಯಾಸ ಮಾಡಿದ್ದರಿಂದ ನಾವೆಲ್ಲ ಅದನ್ನೇ ತಿಂದೆವು. ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಪರೇಡಿಗೆ ಬಿಟ್ಟುಬರುವ ಕೆಲಸವಿಲ್ಲ ಎಂಬುದು, ಬೆಳಿಗ್ಗೆಯೇ ಅಂಗಡಿ ತೆರೆಯುವ ನನಗೆ ಎಲ್ಲಕ್ಕಿಂತ ಮುಖ್ಯ.

ಆದರೂ ಸ್ಕೌಟ್ಸ್ ಪೂರ್ತಿಯಾಗಿ ಮೇಷ್ಟ್ರನ್ನು ನಂಬಿಕೊಂಡಿದೆ. ‘ಪ್ರವೇಶ’ದಿಂದ ‘ತೃತೀಯ ಸೋಪಾನ’ದವರೆಗಿನ ತರಬೇತಿಯ ಮೆಟ್ಟಿಲುಗಳನ್ನು ಹಂತ ಹಂತವಾಗಿ ಏರಿ ‘ರಾಜ್ಯ ಪುರಸ್ಕಾರ’ ಪ್ರಶಸ್ತಿಗೆ ಹೋಗಬೇಕಾದ ಈ ದಾರಿಯಲ್ಲಿ, ತರಬೇತಿ ಪಡೆದ ಮೇಷ್ಟ್ರಿಗೆ ವರ್ಗವಾಯಿತೆಂದರೆ ದಳವೇ ನಿಂತುಹೋಗುತ್ತದೆ. ಮಗ ದ್ವಿತೀಯ ಸೋಪಾನದಲ್ಲಿದ್ದಾಗ ಐದು ತಿಂಗಳು ಹಾಗೆಯೇ ಕಳೆಯಿತು.

ತಂಗಿಯ ಮಗಳು ಈ ಜೂನ್‌ನಲ್ಲಿ ಎಂಟನೇ ತರಗತಿಗೆ ಬರುತ್ತಾಳೆ. ಅವಳಿಗೆ ಸೇನೆ ಸೇರುವ ಆಸೆಯಿರುವುದರಿಂದ ಎನ್‌ಸಿಸಿಯೇ ಸರಿ ಎಂದಿದ್ದೇನೆ. ನಾನು ಕೊಂಡ ನಾಲ್ಕನೇ ಸೈಜಿನ ಬೂಟನ್ನು ಕಳೆದ ವಾರ ಅವಳ ಕಾಲಿಗೆ ಹಾಕಿ ನೋಡಿದೆವು, ಸರಿಯಾಗಿ ಕೂರುತ್ತದೆ.