ಫಲೆನಾಪ್ಸಿಸ್ಸೋ, ಡೆಂಡ್ರೋಬಿಯಮ್ಮೋ? ಎರಡನ್ನೂ ಸಾಕಿದವಳ ಮಾತು

ನನ್ನ ಮೊದಲ ಆರ್ಕಿಡ್ ಸತ್ತಿದ್ದು ನೀರು ಜಾಸ್ತಿಯಾಗಿ. ಬಿಳಿ ಹೂವಿನ ಫಲೆನಾಪ್ಸಿಸ್. ಬೆಂಗಳೂರಿನ ಒಂದು ನರ್ಸರಿಯಲ್ಲಿ 650 ರೂಪಾಯಿ ಕೊಟ್ಟು ತಂದಿದ್ದೆ. "ಹೊಸಬರಿಗೆ ಇದೇ ಸುಲಭ ಮೇಡಂ" ಅಂದಿದ್ದರು. ದಿನಾ ಬೆಳಿಗ್ಗೆ ತುಳಸಿಗೆ ಹಾಕಿ ಚೊಂಬಿನಲ್ಲಿ ಉಳಿದ ನೀರನ್ನು ಇದಕ್ಕೂ ಹಾಕುತ್ತಿದ್ದೆ. ಎರಡು ತಿಂಗಳಲ್ಲಿ ಎಲೆಗಳು ಬುಡದಿಂದ ಹಳದಿಯಾಗಿ ಕಳಚಿಕೊಂಡವು. ಎತ್ತಿ ನೋಡಿದರೆ ಚೆಂದದ ಪಿಂಗಾಣಿ ಕುಂಡದ ಅಡಿಯಲ್ಲಿ ಒಂದು ತೂತೂ ಇಲ್ಲ, ಒಳಗೆ ಮಣ್ಣಿನ ಬದಲು ತುಂಬಿದ ಪಾಚಿ (ಮಾಸ್) ನೀರು ಕುಡಿದು ಕೂತಿದೆ, ಬೇರುಗಳೆಲ್ಲ ಜಾಸ್ತಿ ಬೆಂದ ಶ್ಯಾವಿಗೆ ಥರ ಲೊಳಲೊಳ.

ಆಮೇಲೆ ಹಠ ಹಿಡಿದು ಎರಡು ಗಿಡ ಒಟ್ಟಿಗೆ ತಂದೆ. ಒಂದು ಮತ್ತೆ ಫಲೆನಾಪ್ಸಿಸ್, ಇನ್ನೊಂದು ಹೂಗುಚ್ಛಗಳಲ್ಲಿ ಕಾಣುವ ನೇರಳೆ-ಬಿಳಿ ಹೂವಿನ, ಸೋನಿಯಾ ಎಂಬ ತಳಿಯ ಡೆಂಡ್ರೋಬಿಯಂ. ಮೂರನೇ ವರ್ಷ ನಡೆಯುತ್ತಿದೆ, ಎರಡೂ ಬದುಕಿವೆ. ಆದರೆ ನನ್ನನ್ನು ಕೇಳಿದರೆ ಹೊಸಬರಿಗೆ ಡೆಂಡ್ರೋಬಿಯಮ್ಮೇ ಸರಿ.

ಕಾರಣ ನಮ್ಮ ಕೈ. ನೀರು ಹಾಕುವ ಕೈ ಸುಮ್ನೆ ಇರಲ್ಲ ಅಲ್ವಾ? ಡೆಂಡ್ರೋಬಿಯಂ ಕಬ್ಬಿನ ಹಾಗೆ ಗಿಣ್ಣಿರುವ ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಒಂದು ವಾರ ಮರೆತರೂ ಕಾಂಡ ಸ್ವಲ್ಪ ಸುಕ್ಕಾಗಬಹುದು, ಅಷ್ಟೇ. ಇದ್ದಿಲು, ಇಟ್ಟಿಗೆ ಚೂರು ತುಂಬಿದ ಕುಂಡದಲ್ಲಿ ಬಾಲ್ಕನಿಯ ಗಾಳಿಗೆ ಇಟ್ಟರೆ ಬೇಸಿಗೆಯಲ್ಲಿ ದಿನಾ ನೀರು ಹಾಕಿದರೂ ಸಂಜೆಗೆ ಬೇರು ಒಣಗಿರುತ್ತದೆ. ಫಲೆನಾಪ್ಸಿಸ್‌ಗೆ ಅಂಥ ಕಾಂಡವೇ ಇಲ್ಲ, ಇರುವುದೆಲ್ಲ ಎಲೆ ಮತ್ತು ಬೇರಿನಲ್ಲಿ. ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕುಂಡ ಹಾಕಿದ್ದೇನೆ. ಬೇರು ಹಸಿರಾಗಿದ್ದರೆ ನೀರು ಬೇಡ, ಬೂದಿ ಬಣ್ಣಕ್ಕೆ ತಿರುಗಿದರೆ ಹಾಕಬೇಕು. ಎಲೆಗಳ ನಡುವಿನ ಸುಳಿಯಲ್ಲಿ ರಾತ್ರಿ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ, ಹಾಗಾಗಿ ಬೆಳಿಗ್ಗೆಯೇ ನೀರು ಹಾಕಿ ಸುಳಿಯನ್ನು ಟಿಶ್ಯೂ ತುದಿಯಿಂದ ಒರೆಸುತ್ತೇನೆ. ಮಗುವಿನ ಕಿವಿ ಒರೆಸಿದ ಹಾಗೆ!

ಅಜ್ಜಿ ಮನೆ ಮಲೆನಾಡಿನಲ್ಲಿ. ಮಳೆಗಾಲ ಶುರುವಾಗುವ ಹೊತ್ತಿಗೆ ಅಲ್ಲಿನ ಹಲಸಿನ ಮರದಲ್ಲಿ ಸೀತಾಳೆದಂಡೆ ಜೋತಾಡುತ್ತಿತ್ತು. ಅದೂ ಆರ್ಕಿಡ್ಡೇ. ಮಣ್ಣಿಲ್ಲ, ಕುಂಡವಿಲ್ಲ, ತೊಗಟೆಗೆ ಅಂಟಿದ ಬೇರು ಮಳೆಗೆ ನೆನೆದು ಗಾಳಿಗೆ ಒಣಗುತ್ತಿತ್ತು. ಇದು ಮೊದಲೇ ನೆನಪಾಗಿದ್ದರೆ 650 ರೂಪಾಯಿ ಉಳಿಯುತ್ತಿತ್ತು.

ಬೆಳಕಿನ ವಿಷಯದಲ್ಲಿ ಫಲೆನಾಪ್ಸಿಸ್ ಗೆಲ್ಲುತ್ತದೆ. ಪೂರ್ವದ ಕಿಟಕಿಯ ಎಳೆಬಿಸಿಲು ಅದಕ್ಕೆ ಸಾಕು, ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಸುಟ್ಟು ಬಿಳಿ ಕಲೆ ಬೀಳುತ್ತದೆ. ಡೆಂಡ್ರೋಬಿಯಮ್ಮನ್ನು ಹಾಲ್‌ನ ಮೂಲೆಯಲ್ಲಿಟ್ಟು ಆರು ತಿಂಗಳು ಕಾದೆ, ಎಲೆ ಬಿಟ್ಟರೆ ಏನೂ ಬರಲಿಲ್ಲ. ಬಾಲ್ಕನಿಗೆ ಹಾಕಿದ ಮೇಲೆ ಹೂ ಬಿಟ್ಟಿತು. ಬಾಲ್ಕನಿ ಇಲ್ಲದವರು ನನ್ನ ಮಾತು ಬಿಟ್ಟು ಫಲೆನಾಪ್ಸಿಸ್ಸನ್ನೇ ತನ್ನಿ.

ಹೂವಿನ ಲೆಕ್ಕ ಸ್ವಲ್ಪ ಕಷ್ಟ. ಫಲೆನಾಪ್ಸಿಸ್ ಹೂ ಎರಡೂವರೆ ತಿಂಗಳು ನಿಂತಿತ್ತು, ಡೆಂಡ್ರೋಬಿಯಂ ಹೂ ಒಂದೂವರೆ ತಿಂಗಳು. ಆದರೆ ಫಲೆನಾಪ್ಸಿಸ್ ಹೂದಂಡು ಬಿಡಬೇಕಾದರೆ ಕೆಲವು ವಾರ ತಂಪು ಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮಂಗಳೂರಿನಲ್ಲಿರುವ ತಂಗಿಯ ಗಿಡ ಎರಡು ವರ್ಷದಿಂದ ಎಲೆಯನ್ನೇ ಬಿಡುತ್ತಿದೆ, ಅವಳ ಡೆಂಡ್ರೋಬಿಯಂ ಮಾತ್ರ ಆ ಸೆಕೆಯಲ್ಲಿ ಕುಣಿಯುತ್ತಿದೆ. ನಾನೂ ಒಂದು ಸಲ ಹೊಸ ಬೇರನ್ನೇ ಹೂದಂಡು ಅಂದುಕೊಂಡು ಹತ್ತು ದಿನ ಖುಷಿಪಟ್ಟೆ. ಬೇರಿನ ತುದಿ ಗುಂಡಗೆ ಇರುತ್ತದೆ, ಹೂದಂಡಿನದು ಚಪ್ಪಟೆ, ಹಕ್ಕಿಯ ಕೊಕ್ಕಿನ ಹಾಗೆ.

ಗೊಬ್ಬರ ಎರಡಕ್ಕೂ ಒಂದೇ: 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ), ಲೀಟರ್ ನೀರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಬೋರ್‌ವೆಲ್ ನೀರಿಗೆ ಇದ್ದಿಲ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಮಳೆನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು.

ಡೆಂಡ್ರೋಬಿಯಮ್ಮಿನ ಎಲೆ ಉದುರಿದ ಬೋಳು ಕಾಂಡವನ್ನು ಕತ್ತರಿಸಬೇಡಿ. ನಾನು ಕತ್ತರಿ ಹಿಡಿದು ಹೋಗಿ, ಸೋಮಾರಿತನಕ್ಕೆ ವಾಪಸ್ ಬಂದಿದ್ದೆ. ಈಗ ಅದೇ ಕಾಂಡದ ತುದಿಯ ಗಿಣ್ಣಿನಲ್ಲಿ ಮರಿಗಿಡ ಮೂಡಿದೆ. ಬೇರು ಎರಡು ಇಂಚಾದ ಮೇಲೆ ಅದು ಪಕ್ಕದ ಮನೆಗೆ, ಅಡಿಗೆ ತೂತು ಕೊರೆದ ತೆಂಗಿನ ಚಿಪ್ಪಿನಲ್ಲಿ.