ನಾಲ್ಕು ಇಂಚಿನ ಬತ್ತಿ ಕ್ರಿಸ್‌ಮಸ್ ತನಕ ಬಾಳಲ್ಲ: ಅಡ್ವೆಂಟ್ ರೀತ್ ಸೆಟ್ ಕೊಳ್ಳುವ ಮುನ್ನ

ನವೆಂಬರ್ ಕೊನೆಗೆ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ ಸುತ್ತಮುತ್ತ ಮೇಣದಬತ್ತಿ ಕೊಳ್ಳಲು ಹೋಗುವವರ ಕಣ್ಣಿಗೆ ಬೀಳುವ ರೆಡಿ ಸೆಟ್ ಇದು. ಅಡ್ವೆಂಟ್ ಅಂದರೆ ಆಗಮನ ಕಾಲ, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವಿಕೆ; ರೀತ್ ಅಂದರೆ ಎಲೆ ಸುತ್ತಿದ ಬಳೆ. ಮೊದಲ ಭಾನುವಾರ ಅದರಲ್ಲಿ ಒಂದು ಬತ್ತಿ ಹಚ್ಚಿ, ಆಮೇಲೆ ವಾರಕ್ಕೊಂದು ಸೇರಿಸುತ್ತಾ ಹೋಗುತ್ತಾರೆ. ಡಬ್ಬದಲ್ಲಿ 10 ಇಂಚಿನ ತಗಡಿನ ಬಳೆ, ಪ್ಲಾಸ್ಟಿಕ್ ಎಲೆ, ಮೂರು ನೇರಳೆ ಬತ್ತಿ, ಒಂದು ಗುಲಾಬಿ ಬತ್ತಿ, ಒಂದು ಪ್ರಾರ್ಥನೆ ಚೀಟಿ.

ಬಳೆ ಗಟ್ಟಿಮುಟ್ಟು. ಎಡವಟ್ಟಿರುವುದು ಬತ್ತಿಯಲ್ಲಿ. ಆಗಮನ ಕಾಲ ವರ್ಷಕ್ಕೆ ತಕ್ಕಂತೆ 22ರಿಂದ 28 ದಿನ. ದಿನಾ ಸಂಜೆ ಪ್ರಾರ್ಥನೆಗೆ 10 ನಿಮಿಷ ಹಚ್ಚಿದರೂ, 28 ದಿನದ ವರ್ಷದಲ್ಲಿ ಮೊದಲ ಬತ್ತಿ 280 ನಿಮಿಷ ಉರಿಯಬೇಕು. ಎರಡನೆಯದು 210, ಮೂರನೆಯದು 140, ನಾಲ್ಕನೆಯದು ಬರೀ 70. ಸಣ್ಣ ಬತ್ತಿ ಗಂಟೆಗೆ ಸುಮಾರು ಒಂದು ಇಂಚು ಕರಗುತ್ತದೆ. ಸೆಟ್‌ನಲ್ಲಿ ಕೊಡುವುದು 4 ಇಂಚಿನದು, ಅದರಲ್ಲೂ ಅರ್ಧ ಇಂಚು ಬಟ್ಟಲೊಳಗೆ ಹೋಗುತ್ತದೆ. ನಾಲ್ಕನೇ ವಾರ ಬರುವಷ್ಟರಲ್ಲಿ ಮೊದಲನೆಯದು ಮುಗಿದಿರುತ್ತದೆ.

ಹಾಗಂತ ದಪ್ಪ ಪಿಲ್ಲರ್ ಬತ್ತಿಗೆ ಮರುಳಾಗಬೇಡಿ. ಎರಡು ಇಂಚು ದಪ್ಪದ ಬತ್ತಿಯ ಮೇಣ ಅಂಚಿನವರೆಗೆ ಕರಗಲು ಎರಡು ಗಂಟೆಯಾದರೂ ಬೇಕು. ಹತ್ತೇ ನಿಮಿಷಕ್ಕೆ ಆರಿಸಿದರೆ ನಡುವೆ ಬಾವಿ ತೋಡಿದ ಹಾಗಾಗಿ, ಒಂದು ವಾರದಲ್ಲಿ ದಾರ ಮೇಣದಲ್ಲಿ ಮುಳುಗುತ್ತದೆ. ಮುಕ್ಕಾಲು ಇಂಚು ದಪ್ಪ, 8 ಇಂಚು ಉದ್ದದ ಬತ್ತಿ ಬಿಡಿಯಾಗಿ ಕೊಳ್ಳುವುದೇ ಸರಿ. ಬುಡಕ್ಕೆ ಬಿಸಿ ಮೇಣ ಎರಡು ತೊಟ್ಟು ಹಾಕಿ ಕೂರಿಸಿ. ದಾರವನ್ನು ಕಾಲು ಇಂಚಿಗೆ ಕತ್ತರಿಸಿ, ಫ್ಯಾನ್ ನಿಲ್ಲಿಸಿ. ಗಾಳಿ ತಾಕಿದರೆ ಒಂದೇ ಕಡೆ ಸೋರುತ್ತದೆ, ನೇರಳೆ ಕಲೆ ಮೇಜಿನ ಬಟ್ಟೆ ಬಿಡಲ್ಲ.

ಪ್ಲಾಸ್ಟಿಕ್ ಎಲೆ ತೆಗೆದಿಡಿ, ಬೆಂಕಿ ಹತ್ತುತ್ತದೆ. ಸರ್ವೆ ಇಲ್ಲವೇ ಥೂಜಾ ಕೊಂಬೆ ಸುತ್ತಿ ಪ್ರತಿ ಭಾನುವಾರ ಬದಲಿಸಿ. ಒಣಗಿದ ಸರ್ವೆಯೂ ಕಡಿಮೆ ಅಪಾಯದ್ದಲ್ಲ.

ಗುಲಾಬಿ ಬತ್ತಿ ಮೂರನೇ ಭಾನುವಾರದ್ದು, ಕೊನೆಯದ್ದಲ್ಲ. ಕಾಯುವಿಕೆ ಅರ್ಧ ದಾಟಿತು, ಹಿಗ್ಗಿರಿ ಅನ್ನುವ ದಿನ ಅದು. ಈ ಸೆಟ್‌ನ ಗುಲಾಬಿ ಎಷ್ಟು ಗಾಢವೆಂದರೆ ಟ್ಯೂಬ್‌ಲೈಟಿನಲ್ಲಿ ನೇರಳೆಯಂತೆಯೇ ಕಾಣುತ್ತದೆ, ಹಗಲು ಬೆಳಕಲ್ಲಿ ನೋಡಿ ಆರಿಸಿ.

ಬ್ಯಾಟರಿ ಸೆಟ್ ಕೂಡ ಇದೆ. ಒಂದೇ ಸ್ವಿಚ್, ನಾಲ್ಕೂ ಒಟ್ಟಿಗೆ ಹೊತ್ತುತ್ತವೆ, ವಾರ ಎಣಿಸುವ ಮಾತೇ ಇಲ್ಲ. ಅದಕ್ಕೆ ದುಡ್ಡು ಹಾಕುವುದಕ್ಕಿಂತ ಸೀರಿಯಲ್ ಸೆಟ್ ತೂಗುಹಾಕಿ! ಈ ರೀತ್‌ನ ಹುಟ್ಟೇ ಎಣಿಕೆಗಾಗಿ: 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಪಾದ್ರಿ ಯೋಹಾನ್ ಹಿನ್ರಿಚ್ ವಿಚೆರ್ನ್ ಗಾಡಿ ಚಕ್ರಕ್ಕೆ ಬತ್ತಿ ಸಿಕ್ಕಿಸಿದ್ದೇ, ಕ್ರಿಸ್‌ಮಸ್ ಯಾವಾಗ ಅಂತ ಪೀಡಿಸುತ್ತಿದ್ದ ಮಕ್ಕಳಿಗೆ ದಿನ ಎಣಿಸಲು.

ಚೀಟಿಯಲ್ಲಿ ನಾಲ್ಕೂ ವಾರಕ್ಕೆ ಒಂದೇ ಪ್ರಾರ್ಥನೆ, ಸೋಮಾರಿ ಕೆಲಸ. ಕೊನೆಯ ವಾರಕ್ಕಾದರೂ ಲೂಕನ ಮೊದಲ ಅಧ್ಯಾಯದ ಜಕರೀಯನ ಕಥೆ ಓದಿ. ಮುಪ್ಪಿನಲ್ಲಿ ಮಗು ಹುಟ್ಟುತ್ತದೆಂದ ದೇವದೂತನನ್ನು ನಂಬದೆ, ಮಗುವಿಗೆ ಹೆಸರಿಡುವವರೆಗೂ ಮೂಕನಾದವನು. 5ರಿಂದ 25ನೇ ವಚನ ಒಂದು ದಿನ ಓದಿ ನಿಲ್ಲಿಸಿ, 57ರಿಂದ ಮುಂದಿನದನ್ನು ನಾಲ್ಕು ದಿನ ಬಿಟ್ಟು ಓದಿ. ನಡುವೆ ಮಕ್ಕಳು "ಆಮೇಲೇನಾಯ್ತು?" ಅಂದರೂ ಹೇಳಬೇಡಿ.

ಬಳೆಗೆ ಐದರಲ್ಲಿ ನಾಲ್ಕು, ಬತ್ತಿಗೆ ಒಂದು. 8 ಇಂಚಿನ ಬತ್ತಿ ಹಾಕಿದ್ದರೆ 24ರ ರಾತ್ರಿ ಮೊದಲನೆಯದು ಮೂರು ಇಂಚಿಗೆ ಇಳಿದು, ನಾಲ್ಕನೆಯದು ಏಳರ ಹತ್ತಿರ ನಿಂತಿರುತ್ತದೆ. ನಾಲ್ಕೂ ಸಮ ಇದ್ದರೆ ಮನೆಯಲ್ಲಿ ಯಾರೋ ಮೊದಲ ವಾರವೇ ಎಲ್ಲವನ್ನೂ ಹಚ್ಚಿದ್ದಾರೆ.