ಬಗ್ಗಿ ಟೈರ್: ಹುಲ್ಲಿಗೆ ಯಾವುದು, ಕಾಂಕ್ರೀಟಿಗೆ ಯಾವುದು?

ಪಿಲಿಕುಳದ ಗಾಲ್ಫ್ ಹುಲ್ಲಿನ ಮೇಲೆ ಓಡುವ ಬಗ್ಗಿಗೆ (ಪುಟ್ಟ ಬ್ಯಾಟರಿ ಗಾಡಿ) ಒಪ್ಪುವ ಟೈರ್ ಮಲ್ಪೆ ಕಡೆಯ ರೆಸಾರ್ಟಿನ ಇಂಟರ್‌ಲಾಕ್ ಕಾಂಕ್ರೀಟ್ ಹಾಸಿಗೆ ಆಗಿಬರುವುದಿಲ್ಲ.

ಹುಲ್ಲಿಗೆ 18×8.50-8 (ಎತ್ತರ 18, ಅಗಲ 8.5, ರಿಮ್ 8 ಇಂಚು), 4 ಪ್ಲೈ (ಟೈರಿನ ಬಲದ ದರ್ಜೆ) ಸಾಕು. ಅಗಲ ಪಟ್ಟೆ, ಆಳವಿಲ್ಲದ ಕಚ್ಚು. ಗಾಳಿ ಸಾಮಾನ್ಯವಾಗಿ 18ರಿಂದ 22 ಪಿಎಸ್‌ಐ. ಹುಲ್ಲು ಕಿತ್ತುಬರುವುದಿಲ್ಲ, ಕುಲುಕಾಟವೂ ಕಡಿಮೆ. ದಿನವಿಡೀ ಕಾಂಕ್ರೀಟಿನ ಮೇಲೆ ಓಡಿಸಿದರೆ ಮಾತ್ರ ಬೇಗ ಸವೆಯುತ್ತದೆ.

ರಸ್ತೆಗೆ, ಕಾಂಕ್ರೀಟಿಗೆ 205/50-10 (ಅಗಲ 205 ಮಿ.ಮೀ., ಸೈಡ್‌ವಾಲ್ ಎಂಬ ಟೈರಿನ ಪಕ್ಕದ ಗೋಡೆ ಅದರ ಶೇ. 50, ರಿಮ್ 10 ಇಂಚು) ಒಳ್ಳೆಯದು. ಎತ್ತರ ಹೆಚ್ಚುಕಡಿಮೆ ಅದೇ 18 ಇಂಚು, ಹಾಗಾಗಿ ಬಗ್ಗಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಬೇಡ. 10 ಇಂಚಿನ ರಿಮ್ ಬೇಕು. ಸೈಡ್‌ವಾಲ್ ಗಿಡ್ಡ, ಹಂಪಿನ ಪೆಟ್ಟು ನೇರ ಸೀಟಿಗೇ!

22 ಇಂಚಿನ ಆಫ್‌ರೋಡ್ ಟೈರ್ ನೋಡಲು ಗತ್ತು. ಕೆಸರಿನ ತೋಟವಿದ್ದರೆ ಸರಿ, ಉಳಿದವರಿಗೆ ದಂಡದ ಖರ್ಚು. ಲಿಫ್ಟ್ ಕಿಟ್ ಇಲ್ಲದೆ ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ. ಏರಿನಲ್ಲಿ ಎಳೆತ ತಗ್ಗಿ ಬ್ಯಾಟರಿ ಬೇಗ ಇಳಿಯುತ್ತದೆ.

ಕಡಲ ಬದಿಯವರಿಗೆ ಟೈರಿಗಿಂತ ರಿಮ್ಮಿನದ್ದೇ ಕಿರಿಕಿರಿ. ಉಪ್ಪು ಗಾಳಿಗೆ ಕಬ್ಬಿಣದ ರಿಮ್ಮಿನ ಅಂಚು ತುಕ್ಕು ಹಿಡಿದು, ಪಂಕ್ಚರ್ ಇಲ್ಲದೆಯೇ ಗಾಳಿ ಸೋರುತ್ತದೆ. ಅಂಚಿಗೆ ಸೋಪಿನ ನೀರು ಸುರಿಯಿರಿ, ಗುಳ್ಳೆ ಕಾಣಿಸುತ್ತದೆ. ಟೈರ್ ಬಿಚ್ಚಿ, ವೈರ್ ಬ್ರಶ್‌ನಲ್ಲಿ ತುಕ್ಕು ಉಜ್ಜಿ ತೆಗೆದ ಮೇಲೆಯೇ ಮತ್ತೆ ಕೂರಿಸಿ.